ಗಾಳಿ ನೋಡಿ ನಿಲ್ಲುತ್ತಿದ್ದ ಅಕ್ಕ

ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಮೂರು ತಿಂಗಳ ಕೂಸು. ತೊಡೆಯಲ್ಲಿ ಮಡಿಕೆ, ಕುತ್ತಿಗೆಯಲ್ಲಿ ಮಡಿಕೆ, ಆ ಮಡಿಕೆಗಳ ಒಳಗೆ ಬೆರಳು ಹಾಕಿ ಎಣ್ಣೆ ಹಚ್ಚುವುದೇ ಈಗ ನನ್ನ ದಿನದ ದೊಡ್ಡ ಕೆಲಸ. ತಿಂಗಳು ತುಂಬಿ ಹುಟ್ಟಿದವಳು ಇವಳು. ಹುಟ್ಟಿದಾಗಲೇ ಮೂರು ಕೆಜಿಯ ಮೇಲಿದ್ದಳು. ಇದನ್ನು ಹಾಲಿನವನಿಗೆ ಹೇಳಿದ್ದೇನೆ, ಬಸ್ಸಿನ ಕಂಡಕ್ಟರಿಗೆ ಹೇಳಿದ್ದೇನೆ, ಕರೆಂಟಿನ ಮೀಟರು ನೋಡಲು ಬಂದವನನ್ನೂ ನಿಲ್ಲಿಸಿ ಹೇಳಿದ್ದೇನೆ. “ಸಾಕಮ್ಮಾ, ಜನ ನಗ್ತಾರೆ” ಎನ್ನುತ್ತಾಳೆ ಮಗಳು. ನಗಲಿ ಬಿಡಿ. ನನಗೆ ಹೊಟ್ಟೆಯೊಳಗಿನ ಸಂತೋಷ ಬಾಯಿಗೆ ಬಂದುಬಿಡುತ್ತದೆ, ತಡೆಯಲಾಗುವುದಿಲ್ಲ.

ಆಗ ಪಕ್ಕದ ತೋಟದಿಂದ ಆ ವಾಸನೆ ಬಂತು. ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ಔಷಧಿ ಹೊಡೆಯಲು ಡ್ರಮ್ಮಿನಲ್ಲಿ ಸುಣ್ಣ ಅರಳಿಸುತ್ತಿದ್ದರು. ಸುಣ್ಣದ ಬಿಸಿ ವಾಸನೆ, ಅದರ ಹಿಂದೆಯೇ ಮೈಲುತುತ್ತದ ಒಗರು. ನನ್ನ ಕೈ ಮಗುವಿನ ಹೊಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನನಗೆ ಕಂಡದ್ದು ಮಾತ್ರ ಮೂವತ್ತು ವರ್ಷಗಳಿಗೂ ಹಿಂದಿನ ಪಾಲಿಬೆಟ್ಟದ ಕಡೆಯ ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನು, ಅಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿದ್ದ ಅಕ್ಕ...

ಅವಳು ಯಾರಿಗೂ ಗೊತ್ತಾಗಬಾರದೆಂದು ಮುಚ್ಚಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರನ್ನಾದರೂ ಅವಳ ಹತ್ತಿರವೇ ಬಿಡುತ್ತೇನೆ.

ನಾನು ಮದುವೆಯಾಗಿ ಆ ಲೈನಿಗೆ ಬಂದಾಗ ನನಗೆ ಕಾಫಿ ಗಿಡಕ್ಕೂ ಕಾಡು ಗಿಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ನಮ್ಮದು ಹಾಸನದ ಕಡೆಯ ಬಯಲು. ಪಿಕ್ಕಿಂಗಿನ ಚೀಲವನ್ನು ಸೊಂಟಕ್ಕೆ ಹೇಗೆ ಕಟ್ಟಬೇಕು, ಕೊಂಬೆಯನ್ನು ಮುರಿಯದ ಹಾಗೆ ಹೇಗೆ ಬಗ್ಗಿಸಬೇಕು, ಇರುವೆ ಗೂಡು ಇರುವ ಗಿಡವನ್ನು ದೂರದಿಂದಲೇ ಹೇಗೆ ಗುರುತಿಸಬೇಕು, ಎಲ್ಲವನ್ನೂ ಕಲಿಸಿದವಳು ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು. ಅವಳ ತವರು ಹಾಸನದ ಗಡಿಗೆ ತಾಗಿದ ಶನಿವಾರಸಂತೆಯ ಹತ್ತಿರದ ಹಳ್ಳಿ, ಹಾಗಾಗಿ ಮಾತು ನಮ್ಮ ಊರಿನದೇ. ತಮಿಳು, ಮಲಯಾಳ, ಕೊಡವ ಭಾಷೆಗಳೆಲ್ಲ ಕಲಸಿಹೋಗಿದ್ದ ಆ ಲೈನಿನಲ್ಲಿ ಅವಳ ಮಾತು ಕೇಳಿದರೆ ನನಗೆ ಅಮ್ಮನ ಮನೆಯ ಜಗಲಿಯ ಮೇಲೆ ಕೂತ ಹಾಗಾಗುತ್ತಿತ್ತು.

ತಮಾಷೆಯ ಹೆಂಗಸು. ನಾನು ಮೊದಲ ಸಲ ಮಾಡಿದ ರಾಗಿಮುದ್ದೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಇದನ್ನ ನಾಳೆ ಪಿಕ್ಕಿಂಗ್‌ಗೆ ತಗಂಡು ಬಾರೆ. ಮರದ ಮೇಲಿರೋ ಮಂಗಕ್ಕೆ ಎಸೆಯಕ್ಕಾಯ್ತದೆ” ಎಂದಿದ್ದಳು. ನನಗೆ ಅಳು ಬಂತು, ಅವಳಿಗೆ ನಗು. ಆಮೇಲೆ ತಾನೇ ಒಲೆಯ ಮುಂದೆ ಕೂತು ತಿರುವಿ ತೋರಿಸಿದಳು.

ಅಂಥ ಅಕ್ಕನ ಬಗ್ಗೆ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಒಂದೇ. ಅವಳು ನಿಲ್ಲುವ ಮೊದಲು ಗಾಳಿ ನೋಡುತ್ತಿದ್ದಳು. ಹತ್ತು ಹೆಂಗಸರು ಒಟ್ಟಿಗೆ ಕೂತು ಬುತ್ತಿ ಬಿಚ್ಚಿದರೆ ಅವಳು ಒಂದು ಮಾರು ದೂರ, ಗಾಳಿ ನಮ್ಮಿಂದ ಅವಳ ಕಡೆಗೆ ಹೋಗುವಂಥ ಜಾಗ ನೋಡಿ ಕೂರುತ್ತಿದ್ದಳು. ಟ್ರಾಕ್ಟರಿನ ಟ್ರೈಲರಿನಲ್ಲಿ ಹೋಗುವಾಗ ಯಾವಾಗಲೂ ಹಿಂದಿನ ಮೂಲೆ. ಲೈನಿನ ಕೊನೆಯ ತಗಡಿನ ಬಚ್ಚಲಿಗೆ ಎಲ್ಲರೂ ಹೋಗಿ ಬಂದ ಮೇಲೆ ಅವಳ ಸರದಿ. ಹೋದರೆ ಬೇಗ ಬರುತ್ತಿರಲಿಲ್ಲ. ನೀರು ಸುರಿಯುವ ಸದ್ದು ಕೇಳುತ್ತಲೇ ಇರುತ್ತಿತ್ತು.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನೇ ಕೇಳಿದೆ. ಅವಳು ಆ ಕಡೆ ಈ ಕಡೆ ನೋಡಿದಳು. ಬಿಳಿ ಹೋಗುತ್ತದೆ ಎಂದಳು. ಮೂರ್ನಾಲ್ಕು ವರ್ಷದಿಂದ ಹೀಗೆ. ನೀರಿನಂತೆ ಹೋಗುತ್ತದೆ, ಮೀನು ತೊಳೆದ ನೀರಿನ ನಾತ. ಎರಡು ಸಲ ಬಸುರಾಗಿ ಎರಡೂ ಸಲ ತಿಂಗಳು ತುಂಬುವ ಮೊದಲೇ ಕಳೆದುಕೊಂಡಿದ್ದಳು. ಅವಳ ಅತ್ತೆ ಆ ನಾತವನ್ನೂ ಬಸುರು ನಿಲ್ಲದ್ದನ್ನೂ ಸೇರಿಸಿ ಒಂದು ಮಾತು ಕಟ್ಟಿಬಿಟ್ಟಿದ್ದಳು. ಗೋಡೆಯಾಚೆಯಿಂದ ನನಗೂ ಆ ಮಾತು ಎಷ್ಟೋ ಸಲ ಕೇಳಿಸಿತ್ತು.

“ನಿನ್ನ ಒಳಗೇ ಕೊಳಕು ಅದೆ ಕಣೆ. ಕೊಳಕಲ್ಲಿ ಕೂಸು ಎಲ್ಲಿ ನಿಂತಾತು?”

ಅದಕ್ಕೆ ಅಕ್ಕ ತೊಳೆಯುತ್ತಿದ್ದಳು. ಬಟ್ಟೆ ಸೋಪು, ಸುಡುವಷ್ಟು ಬಿಸಿ ನೀರು, ಒಮ್ಮೆ ಸೀಗೆಪುಡಿ, ಒಮ್ಮೆ ಅಂಗಡಿಯಿಂದ ತಂದ ಡೆಟಾಲು. ದಿನಕ್ಕೆ ನಾಲ್ಕು ಸಲ, ಐದು ಸಲ. ಒಳಗೆ ಬೆರಳು ಹಾಕಿ ತೊಳೆಯುತ್ತಿದ್ದಳು. ತೊಳೆದಷ್ಟೂ ನಾತ ಹೆಚ್ಚುತ್ತಿತ್ತು. ನಾತ ಹೆಚ್ಚಿದಷ್ಟೂ ತೊಳೆಯುತ್ತಿದ್ದಳು... ಆಸ್ಪತ್ರೆಗೆ ಹೋಗೋಣ ಎಂದರೆ, “ಅಲ್ಲಿ ಗಂಡಸು ಡಾಕ್ಟ್ರು ಕೂತಿರ್ತಾರೆ, ಏನಂತ ಹೇಳಲಿ ನಾನು” ಎನ್ನುತ್ತಿದ್ದಳು.

ಆ ವರ್ಷ ಅವಳು ಮೂರನೇ ಸಲ ಬಸುರಾದಳು. ಎರಡು ತಿಂಗಳ ಹಿಂದೆಮುಂದೆ ನಾನೂ. ಇಬ್ಬರೂ ಒಂದೇ ಮಾವಿನಕಾಯಿಯನ್ನು ಉಪ್ಪು ಖಾರ ಹಚ್ಚಿ ಹಂಚಿಕೊಂಡು ತಿಂದೆವು. ಅವಳ ಅತ್ತೆ ಮಗನ ಮುಂದೆಯೇ ಹೇಳಿದ್ದಳಂತೆ, ಈ ಸಲವೂ ನಿಲ್ಲದಿದ್ದರೆ ಇವಳನ್ನು ತವರಿಗೆ ಕಳಿಸಿ ಬೇರೆ ಹೆಣ್ಣು ತರುತ್ತೇನೆ ಎಂದು. ಗಂಡ ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಬೀಡಿ ಹಚ್ಚಿಕೊಂಡು ಹೊರಗೆ ಹೋದನಂತೆ. ಅಕ್ಕ ಇದನ್ನು ಹೇಳುವಾಗ ನಗಲಿಲ್ಲ. ಎಲ್ಲವನ್ನೂ ನಕ್ಕೇ ಹೇಳುವವಳು ಅದೊಂದನ್ನು ನಗದೆ ಹೇಳಿದಳು. ನನ್ನ ಕೈ ಹಿಡಿದುಕೊಂಡಿದ್ದಳು.

ಜೂನಿನಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಕೆಲಸ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತದ ನೀಲಿ ಹರಳನ್ನು ಸುಣ್ಣದ ಜೊತೆ ಕಲಸಿ ಗಿಡಕ್ಕೆ ಹೊಡೆಯುತ್ತಾರೆ. ನಾನು ಡ್ರಮ್ಮಿಗೆ ನೀರು ಹೊರುವ ಗುಂಪಿನಲ್ಲಿದ್ದೆ. ಆಗ ನಮ್ಮಲ್ಲಿ ಒಂದು ರೂಢಿ ಇತ್ತು. ಮಳೆಯಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೊಳೆತರೆ, ಹೆಂಗಸರು ಮೇಸ್ತ್ರಿಯ ಹತ್ತಿರ ಚಿಟಿಕೆ ಮೈಲುತುತ್ತ ಕೇಳಿ ತಂದು, ನೀರಿಗೆ ಹಾಕಿ ಕಾಲು ಅದ್ದುತ್ತಿದ್ದರು. ನನ್ನ ಕಾಲಿನ ಹುಣ್ಣು ಮೂರೇ ದಿನಕ್ಕೆ ಒಣಗಿತ್ತು. ಗಿಡದ ಕೊಳೆಗೂ ಅದೇ, ಕಾಲಿನ ಕೊಳೆಗೂ ಅದೇ...

ನಾನು ಬುದ್ಧಿವಂತೆ ಅಂದುಕೊಂಡೆ. ಒಂದು ನೀಲಿ ಹರಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು ಅಕ್ಕನ ಕೈಯಲ್ಲಿಟ್ಟೆ. ಅಕ್ಕಿ ಕಾಳಿನಷ್ಟು ಚೊಂಬಿನ ನೀರಿಗೆ ಹಾಕಿ ತೊಳೆದುಕೋ, ಕೊಳೆಯೆಲ್ಲ ಸತ್ತುಹೋಗುತ್ತೆ ಎಂದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನದೇ ತಲೆ, ನನ್ನದೇ ಕೈ.

ಬಚ್ಚಲಿನ ಹೊರಗೆ ನಾನೇ ಕಾವಲು ನಿಂತಿದ್ದೆ. ಒಳಗಿನಿಂದ ಒಂದು ಸದ್ದು ಬಂತು, ಬಾಯಿಗೆ ಬಟ್ಟೆ ತುರುಕಿಕೊಂಡು ಕೂಗಿದ ಹಾಗೆ. ಹೊರಗೆ ಬಂದಾಗ ಕಣ್ಣಲ್ಲಿ ನೀರು, ತುಟಿ ಬೆಳ್ಳಗೆ.

“ಬಾಳ ಉರೀತದೆ ಕಣೆ. ಉರೀತದೆ ಅಂದ್ರೆ ಕೆಲ್ಸ ಮಾಡ್ತಾ ಅದೆ ಅಂತ ಅಲ್ವಾ?”

ಹೂಂ ಅಕ್ಕ ಎಂದೆ. ದೇವರೇ, ಹೂಂ ಎಂದೆ ನಾನು.

ಮೂರು ದಿನ ನಾತ ಇರಲಿಲ್ಲ. ಆ ಮೂರು ದಿನ ಅಕ್ಕ ನಮ್ಮ ಮಧ್ಯೆ ಕೂತು ಬುತ್ತಿ ಉಂಡಳು. ಎಲ್ಲರಿಗಿಂತ ಜೋರಾಗಿ ಮಾತಾಡಿದಳು, ಮೇಸ್ತ್ರಿ ನಡೆಯುವ ಹಾಗೆ ನಡೆದು ತೋರಿಸಿ ನಗಿಸಿದಳು. ನಾಲ್ಕನೆಯ ದಿನ ಮತ್ತೆ ಮೂಲೆಗೆ ಹೋಗಿ ಕೂತಳು. ನಾನು ಮತ್ತೊಂದು ಹರಳು ತಂದುಕೊಟ್ಟೆ. ಹೀಗೆ ಎಷ್ಟು ಸಲವೋ... ಲೆಕ್ಕ ಇಟ್ಟಿಲ್ಲ, ಇಡುವ ಧೈರ್ಯವೂ ಇಲ್ಲ.

ಅವಳಿಗೆ ಏಳು ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನೀರು ಒಡೆಯಿತು. ಆರಂಭದಲ್ಲಿ ಅವಳು ಅದನ್ನೂ ಬಿಳಿ ಹೋದದ್ದು ಎಂದೇ ತಿಳಿದು ಬಚ್ಚಲಿಗೆ ಹೋಗಿದ್ದಳು. ಎಸ್ಟೇಟಿನ ಜೀಪು ಬರುವ ಹೊತ್ತಿಗೆ ಮಗು ಲೈನಿನಲ್ಲೇ ಹುಟ್ಟಿತು. ಹೆಣ್ಣು. ಎರಡು ಅಂಗೈ ಸೇರಿಸಿದರೆ ಅದರಲ್ಲಿ ಹಿಡಿಸುವಷ್ಟು. ಉಗುರು ಇತ್ತು, ಹುಬ್ಬು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಹತ್ತಿಯಲ್ಲಿ ಸುತ್ತಿ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದವರೆಗೆ ಉಸಿರಾಡಿತಂತೆ. ನನ್ನ ಹೊಟ್ಟೆಯೊಳಗಿನದು ಆ ದಿನವೆಲ್ಲ ಒದೆಯುತ್ತಲೇ ಇತ್ತು. ಅದು ಒದ್ದಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ನನ್ನ ಮಗಳು ಹುಟ್ಟಿದಳು. ಅಷ್ಟರಲ್ಲಿ ಅಕ್ಕನನ್ನು ತವರಿಗೆ ಕಳಿಸುವುದು ಖಾಯಂ ಆಗಿತ್ತು. ಹೊರಡುವ ದಿನ ಅವಳು ನನ್ನ ಕೂಸು ನೋಡಲು ಬಂದಳು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಹೊಸ್ತಿಲ ಹೊರಗೇ ನಿಂತಳು. ಒಳಗೆ ನನ್ನ ಅತ್ತೆ ಇದ್ದರು. ಬೆಳಿಗ್ಗೆಯೇ ನನಗೆ ಎಚ್ಚರಿಕೆ ಕೊಟ್ಟಿದ್ದರು, “ಅವಳ ಕೈಗೆ ಕೂಸು ಕೊಟ್ಟೀಯ, ಜೋಕೆ.”

ಅಕ್ಕ ಕತ್ತು ಉದ್ದ ಮಾಡಿ ನೋಡಿದಳು. “ಮೂಗು ನಿಂದೇ ಕಣೆ. ಪಾಪ, ಮದ್ವೆ ಮಾಡೋದು ಕಷ್ಟ” ಎಂದಳು. ನಗಲು ನೋಡಿದೆ, ಆಗಲಿಲ್ಲ.

“ಒಳಕ್ಕೆ ಬರಲ್ಲ ತಂಗಿ. ಗಾಳಿ ನಿನ್ನ ಕಡೆಗೇ ಬೀಸ್ತಾ ಅದೆ.”

ಅವಳು ಒಂದು ಗಳಿಗೆ ಕಾದಳು. ನಾನು ಬಾ ಅಕ್ಕ ಎನ್ನುತ್ತೇನೆ ಎಂದು ಕಾದಳು. ಇದು ಅಂದಿಗೂ ನನಗೆ ಗೊತ್ತಿತ್ತು, ಇಂದಿಗೂ ಗೊತ್ತು. ನಾನು ಮಗುವಿನ ಟೋಪಿ ಸರಿ ಮಾಡುತ್ತಾ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಹೊಸ್ತಿಲಲ್ಲಿ ಯಾರೂ ಇರಲಿಲ್ಲ...

ಆಮೇಲೆ ನಾವು ಲೈನು ಬಿಟ್ಟೆವು, ಸ್ವಂತದ್ದೊಂದು ಸಣ್ಣ ಮನೆ ಆಯಿತು. ಮಗಳು ಬೆಳೆದಳು, ಮದುವೆಯಾದಳು. ಅಕ್ಕನನ್ನು ನಾನು ಮರೆತಿದ್ದೆ ಎಂದರೆ ಸುಳ್ಳು, ನೆನೆಯುತ್ತಿದ್ದೆ ಎಂದರೂ ಸುಳ್ಳು.

ಕಳೆದ ವರ್ಷ ಮಗಳು ಬಸುರಾಗಿ ಐದು ತಿಂಗಳಲ್ಲಿ ಮನೆಗೆ ಬಂದಾಗ, ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು, “ಅಮ್ಮಾ, ಬಿಸಿನೀರು ಇನ್ನೂ ಸ್ವಲ್ಪ ಕೊಡು, ಡೆಟಾಲ್ ಬಾಟಲಿ ಎಲ್ಲಿದೆ?” ಎಂದಳು. ಯಾಕೆ ಎಂದೆ. ದನಿ ತಗ್ಗಿಸಿ ಹೇಳಿದಳು. ಅದೇ ನೀರಿನಂತೆ ಹೋಗುವುದು, ಅದೇ ನಾತ. ಗೂಡಿನಲ್ಲಿದ್ದ ಬಾಟಲಿಯನ್ನು ತೆಗೆದು ಹಿತ್ತಲಿಗೆ ಎಸೆದೆ. ಮಗಳು ಹೆದರಿ ಅಳತೊಡಗಿದಳು. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಏನು ಮಾಡಬಾರದು ಎಂಬುದೊಂದು ಗೊತ್ತಿತ್ತು.

ಅದೇ ದಿನ ಆಟೋ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಹೆಂಗಸು ಡಾಕ್ಟರು, ನನ್ನ ಮಗಳ ವಯಸ್ಸಿನವರು. ಪರೀಕ್ಷೆ ಮಾಡಿ, ಬಸುರಿಯರಿಗೆ ಆಗುವಂಥ ಮಾತ್ರೆ ಬರೆದುಕೊಟ್ಟರು. ಇದು ಕೊಳಕಿನಿಂದ ಬರುವ ಕಾಯಿಲೆ ಅಲ್ಲ ಎಂದರು. ನಾನು ಇನ್ನೊಂದು ಸಲ ಹೇಳಿ ಎಂದೆ. ಇನ್ನೊಂದು ಸಲ ಹೇಳಿದರು.

ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. “ಅಜ್ಜಿ, ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಆ ಹೆಪ್ಪಲ್ಲಿ ಇರೋ ಜಾತಿಯವೇ ಕಣ್ಣಿಗೆ ಕಾಣದ ಜೀವಿಗಳು ಹೆಂಗಸರ ಒಳಗೂ ಇರ್ತವೆ. ಅವು ಹುಳಿ ಮಾಡಿ ಇಟ್ಟಿರ್ತವೆ, ಆ ಹುಳಿಗೆ ಬೇರೆ ಕ್ರಿಮಿಗಳು ಬೆಳೆಯಲ್ಲ. ನಿಮ್ಮ ತೋಟದಲ್ಲಿ ನೂರು ಜಾತಿ ಮರ ಇದ್ರೆ ಒಳ್ಳೇದು. ಹೆಂಗಸರ ಒಳಗೆ ಹಾಗಲ್ಲ. ಸಾಮಾನ್ಯವಾಗಿ ಆ ಹೆಪ್ಪಿನ ಜಾತಿನೇ ತುಂಬಿರಬೇಕು. ಅದು ಕಮ್ಮಿ ಆದ್ರೆ ಹತ್ತಾರು ಜಾತಿ ಬಂದು ಸೇರ್ಕೊಳ್ತವೆ, ಆಗ ನೀರು ಹೋಗೋದು, ನಾತ. ಸೋಪು, ಡೆಟಾಲು ಹಾಕಿ ಒಳಗೆ ತೊಳೆದ್ರೆ ಮೊದಲು ಸಾಯೋದು ಹೆಪ್ಪೇ.”

ಹಾಗಾದರೆ ಮೊಸರು ಹಚ್ಚಬಹುದಾ ಎಂದು ಕೇಳಿದೆ. “ಬೇಡ ಅಜ್ಜಿ, ಮೊಸರನ್ನ ಅನ್ನಕ್ಕೆ ಹಾಕ್ಕೊಳ್ಳಿ” ಎಂದು ನಕ್ಕರು. ಮಗಳೂ ಕಣ್ಣೊರೆಸಿಕೊಂಡು ನಕ್ಕಳು. ಹೊರಗಿನಿಂದ ಬರೀ ನೀರಲ್ಲಿ ತೊಳೆದರೆ ಸಾಕು, ಒಳಗೆ ಏನನ್ನೂ ಹಾಕಬಾರದು, ಮತ್ತೆ ಬಂದರೆ ಮತ್ತೆ ತೋರಿಸಬೇಕು, ಬಿಟ್ಟರೆ ಕೆಲವರಿಗೆ ತಿಂಗಳು ತುಂಬುವ ಮೊದಲೇ ಹೆರಿಗೆ ಆಗುವುದುಂಟು ಎಂದರು.

ನಾನು ಮಗಳನ್ನು ಹೊರಗೆ ಕಳಿಸಿ, ನನಗೆ ಗೊತ್ತಿದ್ದ ಒಬ್ಬ ಹೆಂಗಸು ಎಂದು ಶುರು ಮಾಡಿ, ಮೈಲುತುತ್ತದ ವಿಷಯ ಹೇಳಿದೆ. ಡಾಕ್ಟರ ಮುಖದ ನಗು ಹೋಯಿತು. ಪೆನ್ನು ಕೆಳಗಿಟ್ಟರು. “ಮಗು ಹೋಗಿದ್ದು ಅದರಿಂದ್ಲೇ ಅಂತ ನಾನು ಈಗ ಹೇಳಕ್ಕಾಗಲ್ಲ ಅಜ್ಜಿ, ಬೇರೆ ಕಾರಣಾನೂ ಇರಬಹುದು. ಆದ್ರೆ ಅದು ವಿಷ. ಒಳ್ಳೇದಂತೂ ಮಾಡಿರಲ್ಲ” ಎಂದರು. ಆಮೇಲೆ ಕೇಳಿದರು, “ಅವರು ಈಗ ಎಲ್ಲಿದ್ದಾರೆ?”

ಎಲ್ಲಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಮಗಳಿಗೆ ಗುಣವಾಯಿತು, ಏಳು ತಿಂಗಳು ದಾಟಿತು, ಎಂಟು ದಾಟಿತು. ಒಂದೊಂದು ವಾರ ಕಳೆದಾಗಲೂ ನನಗೆ ಎರಡು ಅನ್ನಿಸುತ್ತಿತ್ತು. ಒಂದು, ಈ ಮಗು ಉಳಿಯಬೇಕು. ಇನ್ನೊಂದು, ಅಕ್ಕನಿಗೆ ಒಂದು ಸಲ ಹೇಳಬೇಕು. ನೀನು ಕೊಳಕಾಗಿರಲಿಲ್ಲ ಅಕ್ಕ, ನಿನ್ನ ಒಳಗೆ ಏನೂ ಕೊಳಕಿರಲಿಲ್ಲ, ಕೆಡಿಸಿದ್ದರಲ್ಲಿ ನನ್ನ ಕೈಯೂ ಇದೆ, ಬೇಕಾದರೆ ನನಗೆ ಹೊಡಿ ಎಂದು. ಅವಳಿಗೆ ಈಗ ಅರವತ್ತು ದಾಟಿರುತ್ತದೆ, ಬದುಕಿರುತ್ತಾಳೆ ಎಂದೇ ಅಂದುಕೊಂಡಿದ್ದೆ.

ಅಂದು ಆ ಸುಣ್ಣದ ವಾಸನೆ ಬಂದ ಮೇಲೆ ಇನ್ನು ತಡೆಯಲಾಗಲಿಲ್ಲ. ಮುಂದಿನ ಶನಿವಾರ ಮೂರು ಬಸ್ಸು ಬದಲಾಯಿಸಿ ಶನಿವಾರಸಂತೆಗೆ ಹೋದೆ. ಸಂತೆಗೆ ಸುತ್ತಲ ಹಳ್ಳಿಯವರೆಲ್ಲ ಬರುತ್ತಾರೆ, ಯಾರಿಗಾದರೂ ಗೊತ್ತಿದ್ದೀತು ಎಂಬ ಆಸೆ. ಅವಳ ಊರಿನ ಹೆಸರು ಹೇಳಿಕೊಂಡು ಬದನೆಕಾಯಿಯವರನ್ನು ಕೇಳಿದೆ, ಸೊಪ್ಪಿನವರನ್ನು ಕೇಳಿದೆ. ಕೊನೆಗೆ ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಒಬ್ಬ ಹೆಂಗಸನ್ನು ತೋರಿಸಿದರು. ಅಕ್ಕನ ತಮ್ಮನ ಹೆಂಡತಿ.

“ಯಾರು, ನಮ್ಮತ್ತಿಗೆನಾ? ಅವರು ಹೋಗಿ ನಾಕು ವರ್ಷ ಆಯ್ತಲ್ಲಮ್ಮ. ಜ್ವರ ಬಂದಿತ್ತು” ಎಂದಳು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟಳು. ನಾನು ಯಾರೆಂದು ಹೇಳಿದ ಮೇಲೆ ಅವಳಿಗೂ ಮಾತು ಬಂತು. “ಅಂಥ ಶುಭ್ರದ ಹೆಂಗಸನ್ನ ನಾನು ಎಲ್ಲೂ ಕಂಡಿಲ್ಲ ಕಣಮ್ಮ. ದಿನಕ್ಕೆ ನಾಕು ಸಲ ತೊಳ್ಕಳ್ಳೋರು. ನಮ್ಮ ಮಕ್ಕಳಂದ್ರೆ ಪ್ರಾಣ, ಒಂದಿನನೂ ಎತ್ಕಳ್ಳಲಿಲ್ಲ. ದೂರದಿಂದ್ಲೇ ಆಟ ಆಡಿಸೋರು. ನಾವು ಅದನ್ನ ಮಡಿ ಅಂದ್ಕಂಡಿದ್ವಿ.”

ಮಡಿ...

ನನಗೆ ಏನಾಯಿತೋ ಗೊತ್ತಿಲ್ಲ. ಆ ಸಂತೆಯ ಗಲಾಟೆಯ ಮಧ್ಯೆ ಕೂತು ಎಲ್ಲವನ್ನೂ ಹೇಳಿದೆ. ಅಕ್ಕನಿಗೆ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದನ್ನೆಲ್ಲ ಅವಳ ಮುಂದೆ ಬಿಚ್ಚಿದೆ. ಹೆಪ್ಪು, ಹುಳಿ, ಹತ್ತಾರು ಜಾತಿಯ ಕ್ರಿಮಿ, ತೊಳೆದಷ್ಟೂ ಕೆಡುವುದು, ನೀಲಿ ಹರಳು, ಹೊಸ್ತಿಲು. ದನಿ ಜೋರಾಗಿತ್ತೇನೋ, ಪಕ್ಕದ ಈರುಳ್ಳಿಯವನು ತಿರುಗಿ ನೋಡಿದ. “ಸಂತೇಲಿ ಇದೆಂಥ ಮಾತಮ್ಮ” ಎಂದು ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡು ನಕ್ಕಳು. ಗಿರಾಕಿ ಬಂದರು, ಮೆಣಸಿನಕಾಯಿ ತೂಗಿಕೊಟ್ಟಳು. ಅವರು ಹೋದ ಮೇಲೆ ತಕ್ಕಡಿಯನ್ನು ಕೈಯಲ್ಲೇ ಹಿಡಿದುಕೊಂಡು ಈರುಳ್ಳಿಯವನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

“ನಮ್ಮ ಸೊಸೆ... ಅವಳದೂ ಹಿಂಗೇ ಅಮ್ಮ. ಈಗ ನಾಕು ತಿಂಗಳು. ಕೊಳಕಿ ಅಂತ ನಾನೂ ಎರಡು ಮಾತು ಅಂದಿದ್ದೆ. ಆ ಡಾಕ್ಟ್ರು ಎಲ್ಲಿ ಕೂರ್ತಾರೆ?”

ಹೇಳಿದೆ. ಅಷ್ಟು ದೂರ ಬರಬೇಕಾಗಿಲ್ಲ, ಇಲ್ಲೇ ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೂ ತೋರಿಸಬಹುದು, ನಾಚಿಕೆ ಪಡಬೇಡಿ, ಸೋಮವಾರವೇ ಹೋಗಿ, ನೀನೇ ಅವಳ ಜೊತೆ ಹೋಗು, ಅವಳನ್ನು ಒಬ್ಬಳೇ ಕಳಿಸಬೇಡ ಎಂದೆ. ಅವಳು ತಲೆಯಾಡಿಸಿದಳು. ಬೇಡವೆಂದರೂ ಒಂದು ಹಿಡಿ ಮೆಣಸಿನಕಾಯಿ ನನ್ನ ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕದ ಸೀಟು ಕುಶಾಲನಗರದವರೆಗೂ ಖಾಲಿ ಇತ್ತು. ಮನೆಗೆ ಬಂದಾಗ ಮಗಳು ಗೇಟಿನ ಹತ್ತಿರವೇ ನಿಂತಿದ್ದಳು, “ಸಿಕ್ಕಿದ್ರಾ ಅಮ್ಮಾ?” ಎಂದಳು. ಇಲ್ಲ ಎಂದೆ. ಮಗುವನ್ನು ಕೈಗೆ ಕೊಟ್ಟಳು. ಈ ಕೂಸು ಸಿಕ್ಕ ಸಂತೋಷಕ್ಕೆ ನನಗೆ ಲೋಕವೇ ಸಾಲದು, ಇದು ನಿಜ. ಅಕ್ಕ ತಾನು ಕೊಳಕಿ ಎಂದು ನಂಬಿಕೊಂಡೇ ಹೋದಳು, ಇದೂ ನಿಜ. ಇದನ್ನು ಸರಿ ಮಾಡಲು ಇನ್ನು ಯಾವ ದಾರಿಯೂ ನನಗಿಲ್ಲ...